ಗಾಜಿನ ವರಾಂಡಾಕ್ಕೆ ಇಪ್ಪತ್ತು ಸೀಟು

ಪರದೇಶದಲ್ಲಿ ಫಜೀತಿಯಾದರೆ ಹೋಗಿ ಬಾಗಿಲು ತಟ್ಟಲು ಒಂದು ರಾಯಭಾರ ಕಚೇರಿ ಅಂತ ಇರುತ್ತದೆ. ಸ್ವಂತ ಮನೆಯ ವರಾಂಡಾದಲ್ಲಿ ಫಜೀತಿಯಾದರೆ ಎಲ್ಲಿಗೆ ಹೋಗಬೇಕು? ನನಗೆ ಇಂಥವು ಆಗುತ್ತಲೇ ಇರುತ್ತವೆ. ಆಗದ ವಾರದಲ್ಲಿ ಏನನ್ನೋ ಬಸ್ಸಿನಲ್ಲಿ ಬಿಟ್ಟು ಬಂದವಳ ಹಾಗೆ ಮನೆ ತುಂಬ ಓಡಾಡುತ್ತೇನೆ. ಆದರೆ ಆ ಒಂದು ವರ್ಷದ ಚಳಿಗಾಲ ಮತ್ತು ಬೇಸಿಗೆಯ ನಡುವೆ ಆದಷ್ಟು ಹಿಂದೆಂದೂ ಆಗಿರಲಿಲ್ಲ.

ಇಪ್ಪತ್ತೆರಡು ವರ್ಷ ನನ್ನ ಕೆಲಸ ಊರು ತೋರಿಸುವುದು. ಬೇರೆಯವರ ಕಂಪನಿಯ ಸಂಬಳಕ್ಕೆ ನಲವತ್ತು ಜನರ ಗುಂಪು ಕಟ್ಟಿಕೊಂಡು, ಕೆಂಪು ಛತ್ರಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದು, ದೇಶದಿಂದ ದೇಶಕ್ಕೆ ನಡೆದವಳು. ರೋಮ್‌ನಲ್ಲಿ ಪಾಸ್‌ಪೋರ್ಟ್ ಕಳೆದವರನ್ನು, ಸ್ವಿಟ್ಜರ್ಲೆಂಡಿನ ಹೋಟೆಲಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಮೇಲೆ ಹಪ್ಪಳ ಸುಟ್ಟವರನ್ನು, ಹಡಗು ಹೊರಡುವ ಹೊತ್ತಿಗೆ ಸಾರಿನ ಪುಡಿ ಮರೆತೆ ಎಂದು ಅತ್ತವರನ್ನು ನೋಡಿದ್ದೇನೆ. ಹನ್ನೊಂದು ದೇಶದ ಖರ್ಚನ್ನು ಒಂದು ಹಾಳೆಯ ಮೇಲೆ ಬರೆದು, ಕೊನೆಗೆ ಐದು ರೂಪಾಯಿ ಹೆಚ್ಚುಕಮ್ಮಿಯಾಗದಂತೆ ಮುಗಿಸಿದವಳು ನಾನು ಎಂಬ ಜಂಭ ಬೇರೆ.

ಆ ಜಂಭದಲ್ಲೇ ಕೆಲಸ ಬಿಟ್ಟೆ. ಹೈದರಾಬಾದಿನಲ್ಲಿ ಆಗ ಸಾಫ್ಟ್‌ವೇರ್ ಸುಗ್ಗಿ. ಯಾರ ಕೈಯಲ್ಲಿ ನೋಡಿದರೂ ರೊಕ್ಕ, ಯಾರ ಬಾಯಲ್ಲಿ ಕೇಳಿದರೂ ಫಾರಿನ್. ನಾನೇ ಸಣ್ಣ ಗುಂಪು ಕಟ್ಟಿಕೊಂಡು ಟೂರ್ ನಡೆಸೋಣ, ನಾರಾಯಣಗೂಡದ ನಮ್ಮ ಹಳೇ ಮನೆಯ ಮುಂದಿನ ತೆರೆದ ವರಾಂಡಾವನ್ನು ಗಾಜು ಹಾಕಿ ಮುಚ್ಚಿ ಆಫೀಸು ಮಾಡೋಣ ಎಂದುಕೊಂಡೆ. ತಣ್ಣನೆಯ ದೇಶಗಳಲ್ಲಿ ಮನೆ ಮುಂದೆ ಇಂಥ ಗಾಜಿನ ಕೋಣೆ ಕಟ್ಟುತ್ತಾರೆ, ಬಿಸಿಲು ಹಿಡಿದಿಡಲು. ನಮ್ಮಲ್ಲಿ ಬಿಸಿಲೇ ನಮ್ಮನ್ನು ಹಿಡಿದಿಟ್ಟಿರುತ್ತದೆ. ನನಗೆ ಬೇಕಿದ್ದದ್ದು ಧೂಳು ಬಾರದ, ಗಿರಾಕಿ ಬರುವ ಒಂದು ಜಾಗ, ಅಷ್ಟೇ.

ಉಳಿಸಿದ್ದು ಮೂರು ಲಕ್ಷ. ಒಂದು ಲಕ್ಷ ವರಾಂಡಾಕ್ಕೆ. ಉಳಿದ ಎರಡು ಲಕ್ಷ ಬೇಸಿಗೆಯ ಮೊದಲ ಯುರೋಪ್ ಗುಂಪಿಗೆ: ಸೀಟಿಗೆ ಹತ್ತು ಸಾವಿರದಂತೆ ಇಪ್ಪತ್ತು ಸೀಟಿನ ಮುಂಗಡ. ವಿಮಾನದವರು ಹೇಳಿದ್ದು ಇಷ್ಟು: ‘ಹತ್ತು ಸೀಟು ಕಟ್ಟಿದರೆ ನಿಮ್ಮದೊಂದು ಬಿಟ್ಟಿ. ಅದಕ್ಕಿಂತ ಕಡಿಮೆಯಾದರೆ ಗುಂಪಿನ ದರವಿಲ್ಲ. ಕಟ್ಟಿದ ದುಡ್ಡು ವಾಪಸ್ಸೂ ಇಲ್ಲ.’ ಅಂದರೆ ವರಾಂಡಾ ಒಂದು ಲಕ್ಷದ ಮೇಲೆ ತಿನ್ನುವ ಪ್ರತಿ ಹತ್ತು ಸಾವಿರಕ್ಕೂ ನನ್ನ ಒಂದು ಸೀಟು ಹಾರಿಹೋಗುತ್ತದೆ. ಹತ್ತಕ್ಕಿಂತ ಕೆಳಗಿಳಿದರೆ ನಾನೂ ಹಾರಿಹೋಗುತ್ತೇನೆ, ಹಳೇ ಕಂಪನಿಗೆ, ಛತ್ರಿ ಹಿಡಿಯಲು.

ನಮ್ಮವರ ರೇಟು

ಮೊದಲು ಬಂದ ಗುತ್ತಿಗೆದಾರ ತೆಲುಗಿನಲ್ಲಿ ತೊಂಬತ್ತೈದು ಸಾವಿರ ಅಂದ. ಎರಡನೆಯವನು ಹಿಂದಿಯಲ್ಲಿ ತೊಂಬತ್ತು ಅಂದ. ಇಬ್ಬರ ಜೊತೆಯೂ ಚೌಕಾಸಿ ಮಾಡಿ ಇನ್ನೇನು ಎಂಬತ್ತೈದಕ್ಕೆ ಇಳಿಸಿದ್ದೆ. ಅಷ್ಟರಲ್ಲಿ ಮೂರನೆಯವನು ಬಂದ. ಸೇಡಂ ಕಡೆಯ ಮೇಸ್ತ್ರಿ, ಊರಿನ ನಾಲ್ಕು ಜನರನ್ನು ಕರೆತಂದು ಇಲ್ಲಿ ಕೆಲಸ ಹಿಡಿಯುವವನು. ಅವನೊಡನೆ ಹಿಂದಿಯಲ್ಲೇ ಶುರು ಮಾಡಿದೆ. ಒಳಗಿಂದ ಅತ್ತೆಯವರು, ‘ಯಾರ ಬಂದಾರ? ಚಪ್ಪಲ್ ಹೊರಗ ಬಿಡಾಕ ಹೇಳ,’ ಎಂದು ಕೂಗಿದರು.

ಮೇಸ್ತ್ರಿಯ ಮುಖ ಅರಳಿತು. ‘ಅಯ್ಯ! ನೀವು ನಮ್ಮವರೇನ್ರಿ ಅಕ್ಕಾರ!’

ಅಲ್ಲಿಗೆ ಮುಗಿಯಿತು. ಅತ್ತೆ ಹೊರಗೆ ಬಂದರು, ಊರು ಕೇಳಿದರು. ಅವರ ತವರಿನಿಂದ ಅವನ ಊರು ಎಂಟು ಮೈಲಿ. ‘ಹಂಗಾರ ನೀ ನಮ್ಮ ತವರಮನಿ ಕಡ್ಯಾಂವ,’ ಎಂದು ರೊಟ್ಟಿ ಪುಂಡಿಪಲ್ಯ ಬಡಿಸಿದರು. ಉಣ್ಣುತ್ತಿದ್ದವನ ಎದುರು ಕೂತು ನಾನು ರೇಟು ಕೇಳಿದೆ.

‘ರೇಟಿಂದೇನ್ರಿ ಅಕ್ಕಾರ,’ ಅಂದ, ನೊಂದವನ ಹಾಗೆ. ‘ನಮ್ಮವರ ಮನ್ಯಾಗ ಕುಂತು ರೇಟು ಮಾತಾಡ್ತಾರೇನ್ರಿ? ನೀವು ಕೊಟ್ಟಷ್ಟು ತಗೋತೀನಿ.’

‘ಎಷ್ಟು ಕೊಡಬೇಕಪ್ಪ?’

‘ನಿಮ್ಮ ಮನಸಿಗೆ ಬಂದಷ್ಟ್ರಿ.’

ಇಸ್ತಾಂಬುಲ್ಲಿನ ಬಜಾರಿನಲ್ಲಿ ರತ್ನಗಂಬಳಿ ಮಾರುವವನನ್ನು ಅಳಿಸಿದವಳು ನಾನು. ಕೈರೋದಲ್ಲಿ ಒಂಟೆಯವನು ನನ್ನನ್ನು ಕಂಡರೆ ಒಂಟೆಯನ್ನೇ ತಿರುಗಿಸಿಕೊಂಡು ಹೋಗುತ್ತಿದ್ದ. ಆದರೆ ಬೆಲೆಯನ್ನೇ ಹೇಳದವನ ಜೊತೆ ಚೌಕಾಸಿ ಮಾಡುವ ವಿದ್ಯೆ ನನಗೆ ಯಾವ ದೇಶವೂ ಕಲಿಸಿರಲಿಲ್ಲ. ಹಿಂದಿನ ಇಬ್ಬರನ್ನೂ ಅತ್ತೆಯೇ ಫೋನ್ ಮಾಡಿಸಿ ಬೇಡವೆಂದರು.

ವರಾಂಡಾದ ಹಳೇ ಕಟಾಂಜನ ಕಿತ್ತು ಹಾಕಿ, ಇನ್ನು ಹಿಂದೆ ಹೋಗುವ ಹಾಗಿಲ್ಲ ಅನ್ನುವ ದಿನ ಮೇಸ್ತ್ರಿ ತಲೆ ಕೆರೆಯುತ್ತ ಬಂದ. ‘ಅಕ್ಕಾರ, ಬ್ಯಾರೆದವ್ರಿಗಾದ್ರ ಎಂಬತ್ತು ಸಾವಿರ ಅಂತಿದ್ದೆ. ನಿಮಗ ಹಂಗ ಹೇಳಾಕ ಬಾಯಿ ಬರವಲ್ದು.’

‘ಮತ್ತ ನಮಗೆಷ್ಟು?’

‘ಒಂದು ಲಕ್ಷದ ಹತ್ತು ಕೊಡ್ರಿ, ಸಾಕು.’

‘ಬೇರೆಯವರಿಗೆ ಎಂಬತ್ತು, ನಮ್ಮವರಿಗೆ ಒಂದು ಲಕ್ಷದ ಹತ್ತೋ?’

‘ಬ್ಯಾರೆದವರ ಮನ್ಯಾಗ ಸುಮ್ನ ಕೆಲಸ ಮಾಡ್ತೀವ್ರಿ ಅಕ್ಕಾರ. ನಮ್ಮವರ ಮನ್ಯಾಗ ಜೀವ ಇಟ್ಟು ಮಾಡ್ತೀವಿ. ಜೀವಕ್ಕ ಬೆಲಿ ಬ್ಯಾಡೇನ್ರಿ?’

ಹತ್ತೊಂಬತ್ತು ಸೀಟು ಉಳಿಯಿತು.

ನೆಗೆಟಿವ್ ಮಾರ್ಕು

ನನ್ನ ಗಂಡ ಗಣಿತದ ಮೇಷ್ಟರು. ನಮ್ಮ ಓಣಿ ದಾಟಿದರೆ ಸಿಗುವ ಒಂದು ಕೋಚಿಂಗ್ ಸೆಂಟರಿನಲ್ಲಿ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಅರೆಯುತ್ತಾರೆ. ಅವರಿಗೆ ಜಗತ್ತಿನಲ್ಲಿ ಏನೇ ಕಂಡರೂ ಕೆಳಗೆ ಎ, ಬಿ, ಸಿ, ಡಿ ಕಾಣುತ್ತದೆ. ನಮ್ಮ ಮದುವೆಯ ಮಾತುಕತೆಯಲ್ಲೂ ನನ್ನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆಯಾದರೂ ಅದಕ್ಕೆ ನಾಲ್ಕು ಉತ್ತರ ಕೊಟ್ಟಿದ್ದರು.

‘ಮಾತಿನ ಮ್ಯಾಲೆ ಬಜೆಟ್ ಆಗೂದಿಲ್ಲ. ಮೇಸ್ತ್ರಿ ಕಡಿಂದ ಎಲ್ಲಾ ಬರಸ್ಕೋಬೇಕು,’ ಎಂದು ಒಂದು ಭಾನುವಾರ ಕೂತು ನಲವತ್ತು ಪ್ರಶ್ನೆಯ ಪತ್ರಿಕೆ ತಯಾರಿಸಿದರು. ಗಾಜಿನ ದಪ್ಪ ಎಷ್ಟು: ಎ) ನಾಲ್ಕು ಎಂಎಂ, ಬಿ) ಐದು, ಸಿ) ಆರು, ಡಿ) ಮೇಲಿನ ಯಾವುದೂ ಅಲ್ಲ. ನೆಲಕ್ಕೆ: ಎ) ಈಗಿರುವ ಶಹಾಬಾದ್ ಕಲ್ಲು, ಬಿ) ಟೈಲ್ಸು. ಹೀಗೆ. ಮೇಲೆ ದಪ್ಪಕ್ಷರದಲ್ಲಿ ಸೂಚನೆ: ಇಲ್ಲಿ ಗುರುತು ಹಾಕಿದ್ದೆಲ್ಲ ಒಪ್ಪಿದ ದರದಲ್ಲೇ ಬರಬೇಕು. ಮಾತು ತಪ್ಪಿದ ಪ್ರತಿ ಉತ್ತರಕ್ಕೂ ಹಣ ಕಡಿತ.

ಮೇಸ್ತ್ರಿ ಕಾಗದವನ್ನು ತಿರುವಿ ಮುರುವಿ ನೋಡಿದ. ‘ಸರ್ರ, ತಪ್ಪಾದ್ರ ರೊಕ್ಕ ಕಟ್ ಮಾಡ್ತೀರೇನ್ರಿ?’

‘ಮಾಡೇ ಮಾಡ್ತೀನಿ. ನೆಗೆಟಿವ್ ಮಾರ್ಕು.’

‘ಮತ್ತ ಬರೀದೇ ಬಿಟ್ರ?’

ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಹೇಳಿದ ಮಾತು ನನ್ನ ಗಂಡನ ಬಾಯಿಂದ ತಾನಾಗಿಯೇ ಹೊರಬಿತ್ತು. ‘ಬಿಟ್ರ ಸೊನ್ನೆ. ಏನೂ ಕಟ್ ಆಗೂದಿಲ್ಲ. ಡೌಟ್ ಇದ್ದದ್ದನ್ನ ಮುಟ್ಟಬಾರದು.’

ಮೇಸ್ತ್ರಿ ಗೋಡೆಗೊರಗಿ ಕೂತು ಅರ್ಧ ತಾಸು ತಪಸ್ಸು ಮಾಡಿ ಏಳು ಪ್ರಶ್ನೆಗೆ ಗುರುತು ಹಾಕಿದ. ಮೂವತ್ಮೂರು ಬಿಟ್ಟ. ಗಂಡ ಪತ್ರಿಕೆ ನೋಡಿ, ‘ಏಳಕ್ಕ ಏಳೂ ಸರಿ! ನಮ್ಮ ಸೆಂಟರಿನ ಹುಡುಗರಿಗೂ ಇಷ್ಟು ಸಂಯಮ ಇಲ್ಲ,’ ಎಂದು ಸಹಿ ಹಾಕಿ, ಒಂದು ಪ್ರತಿ ಅವನಿಗೂ ಕೊಟ್ಟರು.

ಹದಿನೈದು ದಿನ ಕಳೆದು ಗಾಜಿನ ಚೌಕಟ್ಟು ನಿಂತಿತು. ನಾನು ಒಳಗೆ ನಿಂತು ತಲೆ ಎತ್ತಿದೆ. ಮುಂದಿನ ಅರ್ಧ ವರಾಂಡಾದ ಮೇಲೆ ಆಕಾಶ. ಒಂದು ಗಿಡುಗ ಸುತ್ತುತ್ತಿತ್ತು.

‘ಛತ್ತು ಎಲ್ಲೋ?’ ಎಂದೆ.

ಮೇಸ್ತ್ರಿ ಜೇಬಿನಿಂದ ಪ್ರಶ್ನೆ ಪತ್ರಿಕೆ ತೆಗೆದು ಬಿಡಿಸಿ ತೋರಿಸಿದ. ‘ಹದಿನಾರನೇ ಪ್ರಶ್ನೆ ನೋಡ್ರಿ ಅಕ್ಕಾರ. ಖಾಲಿ ಬಿಟ್ಟೀನಿ. ಸರ್ ಸಹಿ ಐತಿ.’

ಛತ್ತಿಗೆ ನಲವತ್ತು ಸಾವಿರ. ಗಂಡ ಮಾತ್ರ ಮೂರು ದಿನ ಒಂದೇ ಮಾತು ಹೇಳುತ್ತ ಓಡಾಡಿದರು: ‘ಏನೇ ಅನ್ನು, ಅಂವಾ ಪರೀಕ್ಷೆಗೆ ಕೂತಿದ್ರ ರ್‍ಯಾಂಕ್ ಬರ್ತಿದ್ದ.’

ಎಲ್ಲಾ ಹಸಿರು

ಹದಿನೈದು ಸೀಟಿಗೆ ಇಳಿದಾಗ ನನ್ನ ನಾದಿನಿಯ ಮಗನ ಪ್ರವೇಶವಾಯಿತು. ಗಚ್ಚಿಬೌಲಿಯಲ್ಲಿ ಕೆಲಸ. ಅಮೆರಿಕದ ಯಾವುದೋ ಊರಿನ ಹಲ್ಲಿನ ಡಾಕ್ಟರುಗಳ ಬಿಲ್ಲು ಇಲ್ಲಿಂದ ಸರಿ ಮಾಡುತ್ತಾನೆ. ಕುತ್ತಿಗೆಯಲ್ಲಿ ಗುರುತಿನ ಚೀಟಿ ಇಲ್ಲದೆ ಅವನನ್ನು ಯಾರೂ ನೋಡಿಲ್ಲ. ಸತ್ಯನಾರಾಯಣ ಪೂಜೆಗೂ ಅದನ್ನು ಹಾಕಿಕೊಂಡೇ ಕೂತಿದ್ದ, ಪ್ರಸಾದಕ್ಕೆ ತೋರಿಸಬೇಕೇನೋ ಎಂಬಂತೆ.

ಬಂದವನೇ ನನ್ನ ವರಾಂಡಾಕ್ಕೆ ‘ಸನ್‌ರೂಮ್’ ಎಂದು ಹೆಸರಿಟ್ಟ. ‘ಮಾಮಿ, ನಿಮ್ಮ ಪ್ರಾಬ್ಲಮ್ ರೊಕ್ಕ ಅಲ್ಲ, ಪ್ರಾಸೆಸ್. ನಾ ಮ್ಯಾನೇಜ್ ಮಾಡ್ತೀನಿ.’ ದಿನಾ ಸಂಜೆ ಐದಕ್ಕೆ ಮೇಸ್ತ್ರಿಗೆ ಫೋನು. ಪ್ರತಿ ಕೆಲಸಕ್ಕೂ ಒಂದು ಬಣ್ಣ: ಸರಿಯಾಗಿ ನಡೆದರೆ ಹಸಿರು, ತಡವಾದರೆ ಹಳದಿ, ನಿಂತರೆ ಕೆಂಪು. ಅವನ ಬಿಟ್ಟಿ ಉಪದೇಶಕ್ಕೆ ನಾನೇಕೆ ಒಪ್ಪಿದೆ ಎಂದು ಕೇಳಬೇಡಿ. ಸೀಟು ಕಳೆದುಕೊಂಡವಳು ಕೋಲು ಕೊಟ್ಟವರನ್ನೆಲ್ಲ ಹಿಡಿದುಕೊಳ್ಳುತ್ತಾಳೆ.

ವಾರವೆಲ್ಲ ಮೇಸ್ತ್ರಿ ಹಸಿರು ಅಂದ. ಸೋದರಳಿಯ ಖುಷಿಯಾಗಿ ಶನಿವಾರ ನೋಡಲು ಬಂದರೆ ಛತ್ತಿನ ಕೆಲಸಕ್ಕೆ ಒಂದು ಬುಟ್ಟಿ ಮರಳೂ ಬಿದ್ದಿರಲಿಲ್ಲ.

‘ಹಸಿರು ಅಂತ ಹೇಳಿದೆಲ್ಲಪ್ಪ? ಕೆಲಸಾನೇ ಸುರು ಆಗಿಲ್ಲ!’

‘ಸುರು ಆಗಿಲ್ಲ ಅಂದ್ರ ತಪ್ಪೂ ಆಗಿಲ್ಲಲ್ರಿ ಸರ. ಹಸಿರು.’

ಸೋದರಳಿಯ ಸಿಟ್ಟಾಗಲಿಲ್ಲ. ‘ನಮ್ಮ ಆಫೀಸಿನ್ಯಾಗೂ ಹಿಂಗಽ ಅಂತಾರ,’ ಅಂದ, ಸ್ವಲ್ಪ ಹೆಮ್ಮೆಯಿಂದಲೇ. ಮೇಸ್ತ್ರಿಯನ್ನು ಕೂರಿಸಿಕೊಂಡು ಇನ್ನೂ ಒಂದು ತಾಸು ಪಾಠ ಮಾಡಿದ. ಮೊದಲು ಒಪ್ಪಿದ್ದು ಒಂದು, ನಡುವೆ ಗಿರಾಕಿ ಬದಲಿಸುವುದು ಇನ್ನೊಂದು, ಬದಲಾವಣೆಗೆ ಬೇರೆ ಕಾಗದ, ಬೇರೆ ದರ. ಅದಕ್ಕೆ ‘ಚೇಂಜ್ ರಿಕ್ವೆಸ್ಟ್’ ಅನ್ನುತ್ತಾರೆ. ಮೇಸ್ತ್ರಿ ಬೀಡಿ ಆರಿಸಿ ಕೇಳಿದ. ಬೀಡಿ ಆರಿಸಿದ್ದು ಕಂಡಾಗಲೇ ನಾನು ಎದ್ದು ಆ ಪಾಠ ನಿಲ್ಲಿಸಬೇಕಿತ್ತು.

ಸೋಮವಾರ ಅತ್ತೆ ಬಾಗಿಲು ನೋಡಿ, ‘ಇದು ಒಂದು ಗೇಣು ಈ ಕಡಿ ಬರಬೇಕಿತ್ತು, ಮೂಲಿಗೆ ತಾಗ್ತೈತಿ,’ ಎಂದರು.

‘ಆತ್ರಿ ಯವ್ವಾ,’ ಅಂದ ಮೇಸ್ತ್ರಿ, ಬಹಳ ಮೃದುವಾಗಿ. ‘ಅದು ಚೇಂಜ್ ರಿಕ್ವೆಸ್ಟ್ ಆಗ್ತೈತ್ರಿ.’

ಬಾಗಿಲು ಒಂದು ಗೇಣು, ಸ್ವಿಚ್ಚು ಎರಡು ಗೇಣು, ನಾನು ಬಾಯ್ತಪ್ಪಿ ಹೊಗಳಿದ ಒಂದು ಬಣ್ಣ, ಎಲ್ಲ ಸೇರಿ ಇಪ್ಪತ್ತು ಸಾವಿರ. ಮುಂದಿನ ಶನಿವಾರ ಐದು ಗಂಟೆಗೆ ಸೋದರಳಿಯ ಫೋನು ಮಾಡುವ ಮೊದಲೇ ಅವನ ಫೋನು ರಿಂಗಾಯಿತು. ಆ ಕಡೆ ಮೇಸ್ತ್ರಿ.

‘ಸರ್ರ, ಸ್ಟೇಟಸ್ ಹೇಳ್ರಿ. ನಿಮ್ಮ ಪೇಮೆಂಟು ನಾಲ್ಕು ದಿನದಿಂದ ಕೆಂಪು ಐತಲ್ರಿ.’

ರಸೀದಿ

ಹದಿಮೂರು ಸೀಟು ಉಳಿದಾಗ ನನಗೆ ಜ್ಞಾನೋದಯವಾಯಿತು: ಇದಕ್ಕೆ ಪಾಲಿಕೆಯ ಅನುಮತಿ ಬೇಕಲ್ಲ? ಕೇಳಿದೆ. ಗಂಡ, ಅತ್ತೆ, ಮೇಸ್ತ್ರಿ ಮೂವರೂ ನನ್ನನ್ನು ವಿಮಾನದಿಂದ ಈಗ ತಾನೇ ಇಳಿದವಳ ಹಾಗೆ ನೋಡಿದರು.

ತಾರ್ನಾಕದಲ್ಲಿ ಪ್ಲಾನು ಬರೆದುಕೊಡುವ ಒಬ್ಬ ಹಿರಿಯರಿದ್ದರು. ದಪ್ಪ ಗಾಜಿನ ಕನ್ನಡಕ, ಇಸ್ತ್ರಿ ಮಾಡಿದ ಮಾತು. ನನ್ನ ನಕ್ಷೆ ನೋಡಿ ತೆಲುಗು ಹಿಂದಿ ಬೆರೆಸಿ ಒಂದು ಖರ್ಚಿನ ಪಟ್ಟಿ ಬರೆದರು. ಗಾಜು ಇಷ್ಟು, ಛತ್ತು ಇಷ್ಟು, ಕೂಲಿ ಇಷ್ಟು. ಕೊನೆಗೆ ಒಂದು ಸಾಲು: ದಂಡ, ಇಪ್ಪತ್ತೈದು ಸಾವಿರ.

‘ದಂಡ ಯಾಕೆ? ನಾನಿನ್ನೂ ತಪ್ಪೇ ಮಾಡಿಲ್ಲ.’

‘ಮಾಡ್ತೀರಲ್ಲಮ್ಮಾ. ಬಜೆಟ್ ಅಂದ ಮೇಲೆ ಮುಂದಾಲೋಚನೆ ಬೇಕು. ಮೊದಲು ಕಟ್ಟಿಬಿಡಿ. ಎಂದಾದರೂ ಸಕ್ರಮ ಮಾಡುವ ಯೋಜನೆ ಬರುತ್ತದೆ. ಆಗ ದಂಡ ಕಟ್ಟಿದರೆ ಮುಗಿಯಿತು.’

‘ಅದಕ್ಕಿಂತ ಮೊದಲೇ ಹೋಗಿ ಅನುಮತಿ ಕೇಳಿದರೆ?’

ಅವರು ಕನ್ನಡಕ ತೆಗೆದು ಒರೆಸಿದರು. ಇಂಥ ಪ್ರಶ್ನೆಗೆ ಬರಿಗಣ್ಣಿನಿಂದ ಉತ್ತರಿಸುವುದು ಅವರ ಪದ್ಧತಿ ಇರಬೇಕು.

‘ಕೇಳಿದರೆ ಇಲ್ಲ ಅಂತಾರಮ್ಮಾ. ಕಟ್ಟಿದರೆ ದಂಡ ಅಂತಾರೆ. ಇಲ್ಲ ಅಂದದ್ದಕ್ಕೆ ನಿಮ್ಮ ಕೈಗೆ ಏನು ಸಿಕ್ಕಿತು? ದಂಡಕ್ಕಾದರೆ ರಸೀದಿ ಸಿಗುತ್ತದೆ.’

ನನಗೆ ರಸೀದಿ ಬೇಡವಾಗಿತ್ತು. ನಾಳೆ ಯಾರೋ ಬಂದು ನನ್ನ ಆಫೀಸಿಗೆ ಕೆಡವಬೇಕೆಂದು ಕೆಂಪು ಗುರುತು ಹಾಕಿ ಹೋದರೆ ಗಿರಾಕಿಗೆ ಏನು ಹೇಳಲಿ? ಕೇಳಿ ಕೇಳಿ ಕೊನೆಗೆ ಒಂದು ದಾರಿ ಸಿಕ್ಕಿತು. ಸಿಮೆಂಟು ಹಾಕಿ ಕೂರಿಸದೆ, ಛತ್ತು ಚೌಕಟ್ಟು ಎಲ್ಲವನ್ನೂ ಸ್ಕ್ರೂ ಹಾಕಿ ನಿಲ್ಲಿಸಿ, ಬೇಕೆಂದಾಗ ಬಿಚ್ಚುವಂತಿದ್ದರೆ ಅದು ಕಟ್ಟಡವಲ್ಲ, ಸಾಮಾನು. ಮೇಸ್ತ್ರಿಗೆ ಹೇಳಿದೆ. ಗಟ್ಟಿಯಾಗಿ ಕೂರಿಸಿದ್ದನ್ನೆಲ್ಲ ಕಿತ್ತು ಮತ್ತೆ ನಿಲ್ಲಿಸಿದ. ಇಪ್ಪತ್ತು ಸಾವಿರ.

‘ಬಿಚ್ಚಾಕ ಬರೂ ಮನಿಗೆ ಇಷ್ಟು ಖರ್ಚೇನೋ?’ ಎಂದೆ.

‘ಅಕ್ಕಾರ,’ ಅಂದ, ‘ಬೀಳದಂಗ ಕಟ್ಟೋದು ನಮ್ಮ ಕಸುಬು. ಬೀಳೂಹಂಗ ಕಟ್ಟಿ ಬೀಳದಂಗ ನೋಡ್ಕೋಬೇಕಂದ್ರ ಇಂಜಿನಿಯರ್ ರೇಟ್ ಆಗ್ತೈತ್ರಿ.’

ಕಿಂಡಿ

ಹನ್ನೊಂದು ಸೀಟು. ಎರಡು ಇಳಿದರೆ ನಾನು ಮುಳುಗಿದೆ. ಇನ್ನು ಒಂದು ಮೊಳೆಯನ್ನೂ ಹೊಡೆಸುವುದಿಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಘೋಷಿಸಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಕೇಳಿದರು.

‘ಮತ್ತ ನಾ ಎಲ್ಲಿ ಕೂಡ್ಲಿ?’

ನಲವತ್ತು ವರ್ಷದಿಂದ ಆ ವರಾಂಡಾದ ಅಂಚು ಅವರದು. ಸೊಪ್ಪಿನವಳು, ಬಾಳೆಹಣ್ಣಿನ ಬಂಡಿ, ಹಳೇ ಪೇಪರಿನವನು, ಓಣಿಯ ಸೊಸೆಯಂದಿರ ದೂರು, ಎಲ್ಲ ಅಲ್ಲೇ ನಿಲ್ಲಬೇಕು, ತೂಕವಾಗಬೇಕು, ಮುಂದೆ ಹೋಗಬೇಕು. ‘ಒಳಗೇ ಕುರ್ಚಿ ಹಾಕ್ತೀನಿ ಅತ್ತಿ, ಗಾಜಿನಾಗಿಂದ ಎಲ್ಲಾ ಕಾಣತೈತಿ,’ ಎಂದೆ.

‘ಕಾಣತೈತಿ. ಕೊತ್ತಂಬರಿ ಮೂಸಿ ನೋಡೂದು ಹ್ಯಾಂಗ?’

ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ಕೈ ಹೊರಗೆ ಹೋಗುವಷ್ಟು, ಒಂದು ಹೂಕೋಸು ಒಳಗೆ ಬರುವಷ್ಟು, ಗಾಜಿನಲ್ಲಿ ಒಂದು ಕಿಂಡಿ. ಅದಕ್ಕೆ ಪುಟ್ಟ ಬಾಗಿಲು, ಒಳಗೆ ಒಂದು ಕಲ್ಲಿನ ಹಲಗೆ. ಕಿಂಡಿ ಕೊರೆಯುವಾಗ ಒಂದು ಗಾಜು ಒಡೆದು, ಹತ್ತು ಸಾವಿರ. ಸರಿಯಾಗಿ ಹತ್ತು ಸೀಟಿಗೆ ಬಂದು ನಿಂತೆ. ಆ ಸಂಜೆಯೇ ಓಡಿ ಹೋಗಿ ಹತ್ತರ ಮುಂಗಡ ಕಟ್ಟಿ ಬಂದೆ. ಇನ್ನು ಮನೆಯಲ್ಲಿ ಯಾರು ಏನು ಕೇಳಿದರೂ ಕೊಡಲು ಏನೂ ಉಳಿದಿರಲಿಲ್ಲ. ಎಷ್ಟೋ ದಿನದ ಮೇಲೆ ನೆಮ್ಮದಿಯ ನಿದ್ದೆ.

ಆದರೆ ಗಾಜಿನ ಹಿಂದೆ ಒಂದು ಕಿಂಡಿ, ಕಿಂಡಿಯ ಹಿಂದೆ ಕನ್ನಡಕ ಹಾಕಿದ ಸಿಡುಕು ಮೋರೆಯ ಮುದುಕಿ. ನಮ್ಮ ದೇಶದ ಮನುಷ್ಯ ಇದನ್ನು ಕಂಡರೆ ಮಾಡುವುದು ಒಂದೇ: ಸಾಲು ನಿಲ್ಲುತ್ತಾನೆ. ಮೂರನೇ ದಿನ ನಾನು ಒಳಗಿಂದ ಬರುವಷ್ಟರಲ್ಲಿ ಸೊಪ್ಪಿನವಳ ಹಿಂದೆ ಒಬ್ಬ ದೊಡ್ಡ ಮನುಷ್ಯ ನಿಂತಿದ್ದ. ಅವನ ಹಿಂದೆ ಇನ್ನಿಬ್ಬರು. ಅವನ ಸರದಿ ಬಂದಾಗ ಕರೆಂಟು ಬಿಲ್ಲು, ಐನೂರರ ನೋಟು ಎರಡನ್ನೂ ಕಿಂಡಿಯೊಳಗೆ ತೂರಿಸಿದ.

ಅತ್ತೆಗೆ ತೆಲುಗಿನ ಬಿಲ್ಲು ಓದಲು ಬರುವುದಿಲ್ಲ. ಯಾರು ಏನು ಎಂದು ಕೇಳುವ ಅಭ್ಯಾಸವೂ ಇಲ್ಲ. ನೋಟನ್ನು ಬೆಳಕಿಗೆ ಹಿಡಿದು ನೋಡಿದರು. ಬಿಲ್ಲಿನ ಜೊತೆ ವಾಪಸ್ಸು ತಳ್ಳಿದರು.

‘ಚಿಲ್ರೆ ಇಲ್ಲ. ನಾಳಿಗಿ ಬಾ.’

ಮೂವರೂ ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡು ತಿರುಗಿ ಹೋದರು.

ಮೊದಲ ಗಿರಾಕಿ

ವರಾಂಡಾ ಮುಗಿಯಿತು. ಪ್ರಪಂಚದ ದೊಡ್ಡ ನಕ್ಷೆಯೊಂದನ್ನು ತೂಗುಹಾಕಿ, ನಾನು ಸುತ್ತಿದ ಊರಿಗೆಲ್ಲ ಬಣ್ಣದ ಗುಂಡುಸೂಜಿ ಚುಚ್ಚಿ, ಹೊರಗೆ ‘ವಿದೇಶ ಪ್ರವಾಸ’ ಎಂದು ಬೋರ್ಡು ಹಾಕಿ ಕೂತೆ. ಹೊರಡಲು ಎರಡೂವರೆ ತಿಂಗಳು. ಹತ್ತು ಸೀಟು ಕಟ್ಟಿದ್ದೇನೆ, ಒಂದೂ ಹೋಗಿಲ್ಲ.

ಜನ ಬರಲಿಲ್ಲ ಅನ್ನುವಂತಿಲ್ಲ. ಜಾವಾ ಬ್ಯಾಚ್ ಯಾವಾಗ ಎಂದು ಕೇಳಿಕೊಂಡು ದಿನಕ್ಕೆ ನಾಲ್ಕು ಜನ ಬಂದರು. ಅವರದೇನು ತಪ್ಪು? ಆ ಕಾಲದಲ್ಲಿ ನಮ್ಮ ಕಡೆ ಗಾಜಿನ ಕೋಣೆ ಅಂದರೆ ಕಂಪ್ಯೂಟರ್ ಕೋಚಿಂಗು. ಗಾಜಿನ ಕೋಣೆಯಲ್ಲಿ ಪ್ರಪಂಚದ ನಕ್ಷೆಯಿದ್ದರೆ ಸಾಫ್ಟ್‌ವೇರಿನವರನ್ನು ಹೊರದೇಶಕ್ಕೆ ದಾಟಿಸುವ ಅಂಗಡಿ. ಸುಮ್ಮನೆ ಊರು ನೋಡಲು ಹೋಗುವವರಿಗೆ ಒಂದು ಅಂಗಡಿ ಇದ್ದೀತು ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಎರಡನೇ ವಾರ ಇಬ್ಬರು ಬಂದರು. ಮುಂದೆ ಬೀದರ್ ಕಡೆಯ ಒಬ್ಬ ಬೇಳೆ ವ್ಯಾಪಾರಿ: ಬಿಳೀ ಧೋತರ, ಬಗಲಲ್ಲಿ ಚೀಲ, ಇಲ್ಲೇ ದೊಡ್ಡ ಅಂಗಡಿ, ಮನೆ. ಹಿಂದೆ ಮೂವತ್ತರ ಒಬ್ಬ ಸೊಂಪಾದ ಗಂಡಸು. ತಾನೇ ಕುರ್ಚಿ ಎಳೆದುಕೊಂಡು ಫ್ಯಾನಿನ ಕೆಳಗೆ ಸರಿದು ಕೂತ.

‘ನಮ್ಮ ಅಳಿಯ,’ ಎಂದರು ವ್ಯಾಪಾರಿ, ನಿಟ್ಟುಸಿರಿನಂತೆ. ‘ಲಗ್ನ ಆಗಿ ಆರು ವರ್ಷ ಆತ್ರಿ. ನಮ್ಮ ಮನ್ಯಾಗೇ ಅದಾನ. ಕಂಪ್ಯೂಟರ್ ಕಲಿಸಿದ್ವಿ, ಕಲ್ತ. ಮ್ಯಾಲೇಳವಲ್ಲ. ನಿಮ್ಮ ಬೋರ್ಡ್ ನೋಡಿ ಬಂದೆ. ಎಲ್ಲೆಲ್ಲಿ ಕಳಸ್ತೀರ್ರಿ ಅಕ್ಕಾರ?’

ಗಿರಾಕಿ! ನಾನು ಎದ್ದು ನಿಂತು ನಕ್ಷೆಯ ಮುಂದೆ ಕೈ ಬೀಸಿದೆ. ‘ಎಲ್ಲಾ ಕಡಿ. ಫ್ರಾನ್ಸು, ಇಟಲಿ, ಇಂಗ್ಲೆಂಡು, ಅಮೆರಿಕಾನೂ.’

‘ಇಲ್ಲೀತನಕ ಎಷ್ಟು ಮಂದಿನ್ನ ಕಳಿಸೀರಿ?’

‘ಸಾವಿರಾರು ಮಂದಿ. ಇಪ್ಪತ್ತೆರಡು ವರ್ಷದ ಅನುಭವ ನಂದು.’

ವ್ಯಾಪಾರಿಯ ಕಣ್ಣಲ್ಲಿ ನೀರಾಡಿತು. ಚೀಲದ ದಾರಕ್ಕೆ ಕೈ ಹಾಕಿದರು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ನನ್ನ ಕಸುಬಿನಲ್ಲಿ ಇರುವ ದೊಡ್ಡ ಹೆಮ್ಮೆ ಒಂದೇ, ಅದು ಬಾಯಿಗೆ ಬಂದೇ ಬಿಟ್ಟಿತು.

‘ಏನೂ ಕಾಳಜಿ ಮಾಡಬ್ಯಾಡ್ರಿ ಕಾಕಾರ. ನಾ ಕರಕೊಂಡು ಹೋದವರು ಒಬ್ಬರೂ ತಪ್ಪಿಲ್ಲ. ಎಲ್ಲಾರೂ ವಾಪಸ್ ಬಂದಾರ.’

ಕೈ ಚೀಲದ ಮೇಲೇ ನಿಂತಿತು.

‘ಎಲ್ಲಾರೂ?’

‘ಎಲ್ಲಾರೂ!’

‘ಒಬ್ಬನೂ ಅಲ್ಲೇ ಉಳಕೊಂಡಿಲ್ಲೇನ್ರಿ?’

‘ಒಬ್ಬನೂ ಇಲ್ಲ. ಹದಿನೇಳನೇ ದಿನ ಕರೆಕ್ಟ್ ಮನಿಗೆ ತಂದು ಬಿಡ್ತೀನಿ.’

ಅವರು ಎದ್ದರು. ಧೋತರ ಕೊಡವಿಕೊಂಡರು. ಇಷ್ಟು ಹದಗೆಟ್ಟ ಅಂಗಡಿಯನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ ಎಂಬುದು ಮುಖದಲ್ಲೇ ಇತ್ತು. ‘ನಿಮ್ಮ ಕಡಿ ಬ್ಯಾಡ್ರಿ. ಇಷ್ಟು ವರ್ಷ ಅನುಭವ ಇಟ್ಕೊಂಡು ಒ‌ಬ್ಬನ್ನ ಅಲ್ಲಿ ಕೂಡಸಾಕ ಆಗಿಲ್ಲಂದ್ರ...’ ಮಾತು ಮುಗಿಸದೆ ಮೆಟ್ಟಿಲಿಳಿದು ಕಾರಿನ ಕಡೆ ನಡೆದರು.

ಅಳಿಯ ಏಳಲಿಲ್ಲ. ಮಾವನ ಬೆನ್ನು ಗೇಟು ದಾಟುವವರೆಗೆ ನೋಡಿದ. ಆಮೇಲೆ ಮುಂದೆ ಬಗ್ಗಿ, ಮೊದಲ ಸಲ ಬಾಯಿ ತೆರೆದ.

‘ಅಕ್ಕಾರ, ವಯಸ್ಸಾದವರನ್ನೂ ಕರಕೊಂಡು ಹೋಗ್ತೀರೇನ್ರಿ?’

‘ಅವರನ್ನೇ ಕರಕೊಂಡು ಹೋಗೋದಪ್ಪ.’

‘ಎಲ್ಲಾಕಿಂತ ಉದ್ದಂದು ಯಾವುದೈತ್ರಿ?’

‘ಇದೇ. ಹದಿನೇಳು ದಿನ.’

‘ಅಷ್ಟೇನ?’ ಮುಖ ಸಣ್ಣದು ಮಾಡಿದ. ಸ್ವಲ್ಪ ಯೋಚಿಸಿ, ‘ಇರ್ಲಿ ಬಿಡ್ರಿ. ನೋಡಿದ್ದನ್ನ ಎರಡೆರಡು ಸಲ ತೋರಸ್ರಿ. ನಮ್ಮ ಮಾವಾರ್ದು ಅತ್ತಿದು, ಎರಡು ಸೀಟು ಬರಕೋರಿ.’

‘ಅವರು ನಿನ್ನ ಕಳಸಾಕ ನಿಂತಾರ. ತಾವು ಹೋಗಾಕ ಒಪ್ತಾರೇನು?’

‘ನಾ ಒಪ್ಪಸ್ತೀನ್ರಿ. ಅಳಿಯನ್ನ ಕಳಸೂ ದೇಶ ಮೊದಲು ನೀವು ಹೋಗಿ ನೋಡ್ರಿ, ಊಟ ಹ್ಯಾಂಗೈತಿ, ನೀರು ಹ್ಯಾಂಗೈತಿ, ನಿಮ್ಮ ಮಗಳು ಅಲ್ಲಿ ಬಾಳುವೆ ಮಾಡ್ತಾಳೋ ಇಲ್ಲೋ, ಅಂತೀನಿ. ಮಗಳ ಮಾತು ಬಂದ್ರ ಅತ್ತಿ ಬಿಡಂಗಿಲ್ಲ.’

ನಾನು ಪೆನ್ನು ತೆಗೆದೆ. ‘ರೊಕ್ಕ ಯಾರು ಕೊಡ್ತಾರಪ್ಪ?’

‘ಮಾವಾರೇ ರೀ,’ ಅಂದ, ಇದೆಂಥ ಪ್ರಶ್ನೆ ಎಂಬಂತೆ.

ಗೇಟಿನಾಚೆ ಕಾರಿನ ಹಾರ್ನು ಕೇಳಿತು. ಎದ್ದವನು ಬಾಗಿಲಲ್ಲಿ ನಿಂತ. ದನಿ ಇನ್ನಷ್ಟು ತಗ್ಗಿಸಿದ. ‘ಅಕ್ಕಾರ, ನಮ್ಮ ಪ್ಯಾಟ್ಯಾಗ ನನ್ನಂಗ ಇನ್ನೂ ನಾಲ್ಕು ಮಂದಿ ಮನಿ ಅಳಿಯಂದಿರು ಅದಾರ್ರಿ. ಅವರ ಕಡಿನೂ ಮಾತಾಡ್ಲೇನ್ರಿ?’

ಐದು ಮಾವಂದಿರು, ಐದು ಅತ್ತೆಯರು. ಹತ್ತು. ಗಣಿತದ ಮೇಷ್ಟರನ್ನು ಕರೆಯದೆ ನಾನೇ ಲೆಕ್ಕ ಮಾಡಿದೆ.

ಹೊರಡುವ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಐವರು ಅಳಿಯಂದಿರೂ ಹಾಜರಿದ್ದರು. ಲಗ್ನವಾದಾಗಿನಿಂದ ಒಂದು ಕೊಡ ನೀರು ಎತ್ತದವರು ಅಂದು ಟ್ರಾಲಿ ತಳ್ಳಿದರು, ಚೀಲ ಕಟ್ಟಿದರು, ಮಾತ್ರೆ ಯಾವ ಜೇಬಿನಲ್ಲಿದೆ ಎಂದು ತೋರಿಸಿದರು, ಮೊಳಕಾಲೂರಿ ಅತ್ತೆಯರ ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿದರು. ವಿಮಾನ ತಡವಾಗಬಹುದು ಎಂದು ಯಾರೋ ಅಂದಾಗ ಐವರ ಮುಖವೂ ಒಟ್ಟಿಗೆ ಕಪ್ಪಿಟ್ಟಿತು. ಬೇಳೆ ವ್ಯಾಪಾರಿಯ ಹೆಂಡತಿ ಅದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕೈ ಹಿಡಿದು ಅಂದರು:

‘ನೋಡ್ರಿ ಅಕ್ಕಾರ, ಹೊಟ್ಟ್ಯಾಗ ಹುಟ್ಟಿದವರೂ ಇಷ್ಟು ಪ್ರೀತೀಲೆ ಕಳಸೂದಿಲ್ಲ.’